ಓದಿದ ವಾಕ್ಯಕ್ಕೊಂದು ತಾರೀಕು

ಉಡುಪಿ, ಮಂಗಳೂರು ಕಡೆಯ ಕ್ರೈಸ್ತ ಮನೆಗಳ ಚಾವಡಿಯಲ್ಲಿ ಗೋಡೆಗೆ ತೂಗುಹಾಕಿದ ಸತ್ಯವೇದದ (ಬೈಬಲಿನ) ವಾಕ್ಯಗಳಲ್ಲಿ ಯೆರೆಮೀಯ 29:11 ಬಹಳ ಸಲ ಕಾಣಸಿಗುತ್ತದೆ. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆ ಹಿತದ್ದೇ, ಕೇಡಿನದ್ದಲ್ಲ ಎಂದು ದೇವರು ಹೇಳುವ ಮಾತದು. ಹೊಸ ವರ್ಷದ ಆರಾಧನೆಯಲ್ಲಿ ವಾಗ್ದಾನದ ಚೀಟಿ ಎತ್ತುವಾಗ ಈ ವಾಕ್ಯ ಬಂದರೆ ಮನೆಮಂದಿಗೆಲ್ಲ ಸಂತೋಷ. ವೀಸಾಕ್ಕೆ ಕಾಯುತ್ತಿರುವ ಮಗನಿದ್ದರಂತೂ ಚೀಟಿಯನ್ನು ಪಾಸ್‌ಪೋರ್ಟಿನೊಳಗೇ ಇಡುತ್ತಾರೆ. ಆ ಸಂತೋಷ ತಪ್ಪಲ್ಲ. ಆದರೆ ಒಂದು ಅಧ್ಯಾಯ ಹಿಂದಕ್ಕೆ ಹೋಗಿ ಓದಿದರೆ ಆ ವಾಕ್ಯ ನಮ್ಮಿಂದ ಕೇಳುವ ಕೆಲಸವೇ ಬೇರೆ ಎಂದು ಗೊತ್ತಾಗುತ್ತದೆ. 28ನೇ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ, ಬಾಬೆಲಿಗೆ ಸೆರೆಹೋದವರು ಎರಡೇ ವರ್ಷಗಳಲ್ಲಿ ಮರಳುತ್ತಾರೆ, ಎಲ್ಲ ಸರಿಹೋಗುತ್ತದೆ ಎಂದು ಜನರನ್ನು ನಂಬಿಸುತ್ತಾನೆ. ಯೆರೆಮೀಯನು ಬಾಬೆಲಿನಲ್ಲಿ ಸೆರೆಯಲ್ಲಿದ್ದವರಿಗೆ ಪತ್ರ ಬರೆದು, ಎರಡಲ್ಲ, ಎಪ್ಪತ್ತು ವರ್ಷ ಎನ್ನುತ್ತಾನೆ (29:10). ಆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಮರಳುವಂತೆಯೇ ಇರಲಿಲ್ಲ. ಹಾಗಾಗಿ ವಾಗ್ದಾನಕ್ಕಿಂತ ಮೊದಲು ಆಜ್ಞೆ ಇದೆ: ಅಲ್ಲೇ ಮನೆ ಕಟ್ಟಿರಿ, ತೋಟ ಮಾಡಿ ಫಲ ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ದುಡಿಯಿರಿ, ಪ್ರಾರ್ಥಿಸಿರಿ (29:5–7).

ವೀಸಾ ಬರುವ ತನಕ ಎಲ್ಲವೂ ನಿಲ್ಲಲಿ ಎಂದು ಈ ಅಧ್ಯಾಯ ಹೇಳುವುದಿಲ್ಲ. ಮಳೆಗಾಲಕ್ಕೆ ಮೊದಲು ಹೆಂಚು ಸರಿಮಾಡಿಸುವುದು, ತಂಗಿಯ ಮದುವೆಯ ಮಾತುಕತೆ ಮುಂದುವರಿಸುವುದು, ಇರುವ ಊರಿನಲ್ಲೇ ಸಿಕ್ಕುವ ಕೆಲಸ ಹಿಡಿಯುವುದು, ಇವು ಆ ಪತ್ರಕ್ಕೆ ತೋರುವ ವಿಧೇಯತೆ. ವಾಕ್ಯವನ್ನು ಅದರ ಅಧ್ಯಾಯದಿಂದ ಕಿತ್ತು ತೆಗೆದರೆ ನಮಗೆ ಸಿಗುವುದು ಸಮಾಧಾನ ಮಾತ್ರ. ಅಧ್ಯಾಯದ ಜೊತೆ ಇಟ್ಟು ಓದಿದರೆ ಕೆಲಸವೂ ಸಿಗುತ್ತದೆ. ಸಿಕ್ಕಿದ ಕೆಲಸಕ್ಕೆ ಒಂದು ತಾರೀಕು, ಒಬ್ಬ ವ್ಯಕ್ತಿ, ಬೇಕಾದಲ್ಲಿ ಒಂದು ಮೊತ್ತ ಸೇರಿಸದಿದ್ದರೆ ಅದು ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೇ ಮರೆತುಹೋಗುತ್ತದೆ. ವಾರಕ್ಕೊಮ್ಮೆ ಮನೆಯಲ್ಲಿ ಸೇರಿ ಸತ್ಯವೇದ ಓದುವ ನಮ್ಮ ಮನೆಕೂಟದ ಕ್ರಮ ನಿಂತಿರುವುದು ಈ ಎರಡರ ಮೇಲೆಯೇ: ಅಧ್ಯಾಯದ ಜೊತೆ ಓದು, ತಾರೀಕಿನ ಜೊತೆ ಕೆಲಸ.

ಬೇಕಾಗುವುದು ಕನ್ನಡ ಸತ್ಯವೇದ, ಒಬ್ಬೊಬ್ಬರಿಗೆ ಒಂದು ಇನ್ನೂರು ಪುಟದ ನೋಟ್‌ಬುಕ್, ಪೆನ್ಸಿಲ್. ಕೂಟದ ಹೊತ್ತಿನಲ್ಲಿ ಮೊಬೈಲ್ ಬೈಬಲ್ ಬೇಡ ಎನ್ನುವುದಕ್ಕೆ ಕಾರಣವಿದೆ. ಹುಡುಕಿದ ವಾಕ್ಯ ನೇರವಾಗಿ ತೆರೆದುಕೊಳ್ಳುತ್ತದೆ, ಹಿಂದಿನ ಪುಟ ಕಣ್ಣಿಗೇ ಬೀಳುವುದಿಲ್ಲ. ಜನ ಆರರಿಂದ ಎಂಟು ಇದ್ದರೆ ಸರಿ. ಹತ್ತು ದಾಟಿದರೆ ಮಾತಾಡುವವರು ಮೂವರು, ಕೇಳುವವರು ಉಳಿದವರು ಎಂದಾಗುತ್ತದೆ, ಆಗ ಎರಡು ಮನೆಗೆ ಹಂಚಿಕೊಳ್ಳಬೇಕು. ಒಟ್ಟು ಒಂದೂಕಾಲು ಗಂಟೆ. ಮೊದಲ 10 ನಿಮಿಷ ಹಿಂದಿನ ವಾರದ ಕೆಲಸದ ವಿಚಾರ: ಆಯಿತು ಅಥವಾ ಆಗಲಿಲ್ಲ, ಇಷ್ಟೇ ಉತ್ತರ. ಆಮೇಲೆ 20 ನಿಮಿಷ ಓದು. ಇಡೀ ಅಧ್ಯಾಯವನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಎರಡನೆಯ ಸಲ ಇನ್ನೊಬ್ಬರ ದನಿಯಲ್ಲಿ. ಎರಡನೆಯ ಓದು ತುಳುವಿನಲ್ಲೋ ಕೊಂಕಣಿಯಲ್ಲೋ ಆದರೆ ಮನೆಯ ಹಿರಿಯರು ಕೂಡಲೇ ಮಾತಿಗೆ ಬರುತ್ತಾರೆ. ಅನಂತರ 25 ನಿಮಿಷ ಪ್ರಶ್ನೆಗಳು. ಕೊನೆಯ 20 ನಿಮಿಷದಲ್ಲಿ ಅರ್ಧ ಬರವಣಿಗೆಗೆ, ಅರ್ಧ ಪ್ರಾರ್ಥನೆಗೆ. ಚಹಾ ಎಲ್ಲ ಮುಗಿದ ಮೇಲೆ. ಮೊದಲೇ ಬಂದರೆ ಕೂಟ ಅರ್ಧ ಗಂಟೆ ತಡವಾಗುತ್ತದೆ, ಆ ಮನೆಯ ಹೆಂಗಸರು ಓದನ್ನು ಕೇಳುವುದು ಅಡಿಗೆಮನೆಯಿಂದಲೇ.

ನಾವು ಕೇಳಿಕೊಳ್ಳುವ ಪ್ರಶ್ನೆಗಳು ಕೆಲವೇ. ಈ ಮಾತು ಹೇಳಿದ್ದು ಯಾರು, ಕೇಳಿದ್ದು ಯಾರು? ಇದರ ಹಿಂದೆ ಏನು ನಡೆದಿದೆ? ಇಲ್ಲಿರುವುದು ಆಜ್ಞೆಯೋ, ವಾಗ್ದಾನವೋ, ಬರೀ ನಡೆದ ಸಂಗತಿಯೋ? ಸತ್ಯವೇದದಲ್ಲಿ ನಡೆದದ್ದೆಲ್ಲ ಮಾಡಬೇಕಾದದ್ದಲ್ಲ. ನ್ಯಾಯಸ್ಥಾಪಕರು 6ರಲ್ಲಿ ಗಿದ್ಯೋನ ಕಣದಲ್ಲಿ ಕುರಿಯ ಉಣ್ಣೆ ಹಾಕಿ ದೇವರಿಂದ ಗುರುತು ಕೇಳಿದ. ಹಾಗೆಂದು ಮನೆ ಜಾಗ ಕೊಳ್ಳುವಾಗ ನಾವೂ ಗುರುತು ಬೇಡಿ ಕೂರಬೇಕೆಂದಿಲ್ಲ. ಪಹಣಿ, ಋಣಭಾರ ಪತ್ರ ನೋಡುವುದು ನಮ್ಮ ಪಾಲಿನ ಕೆಲಸ. ಮುಂದಿನ ಪ್ರಶ್ನೆ, ಕ್ರಿಸ್ತನ ಮಾತು ಮತ್ತು ನಡತೆಯ ಎದುರಿಗೆ ಇಟ್ಟರೆ ಇದು ಹೇಗೆ ಕಾಣುತ್ತದೆ? ಕೊನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗದ ಪ್ರಶ್ನೆ: ಈ ಅರ್ಥದಂತೆ ನಡೆದರೆ ಖರ್ಚು ಬೀಳುವುದು ಯಾರ ಮೇಲೆ? ಓದಿದವನ ಮೇಲೆ ಏನೂ ಬೀಳದೆ ಎಲ್ಲವೂ ಹೆಂಡತಿ, ಸೊಸೆ, ಕೆಲಸದವರು, ತಮ್ಮಂದಿರ ಮೇಲೆಯೇ ಬೀಳುತ್ತಿದ್ದರೆ ಓದಿದ್ದರಲ್ಲಿ ಏನೋ ಎಡವಟ್ಟಾಗಿದೆ. ಹೆಂಡತಿಯರು ಗಂಡಂದಿರಿಗೆ ಅಧೀನರಾಗಿರಲಿ ಎಂಬ ಎಫೆಸದವರಿಗೆ 5:22ನ್ನು ಗಂಡಸರು ಹೆಂಗಸರಿಗೆ ಓದಿ ಹೇಳುವುದು ಇಂಥದ್ದು. ಅದರ ಹಿಂದಿನ 21ನೇ ವಾಕ್ಯ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಎನ್ನುತ್ತದೆ, 25ನೆಯದು ಗಂಡನಿಗೆ ಪ್ರಾಣ ಕೊಡುವಷ್ಟು ಪ್ರೀತಿ ಕೇಳುತ್ತದೆ. ಆ ಭಾಗ ಬಂದಾಗ ಗಂಡಂದಿರು 25ರಿಂದ ಕೆಲಸ ಬರೆದುಕೊಳ್ಳಬೇಕು. 22 ಅವರ ಹೆಸರಿಗೆ ಬಂದ ವಾಕ್ಯವಲ್ಲ.

ಬರೆಯುವ ಕೆಲಸದಲ್ಲಿ ಏನು ಮಾಡುವುದು, ಯಾರಿಗೆ, ಯಾವಾಗ ಎಂಬುದು ಇರಲೇಬೇಕು. “ಇನ್ನು ಮುಂದೆ ಹೆಚ್ಚು ತಾಳ್ಮೆಯಿಂದಿರುತ್ತೇನೆ” ಎಂದು ಬರೆದರೆ ಮುಂದಿನ ವಾರ ಆಯಿತೋ ಇಲ್ಲವೋ ಹೇಳಲು ಬರುವುದಿಲ್ಲ. “ಗುರುವಾರ ಸಂಜೆಯೊಳಗೆ ಚಿಕ್ಕಪ್ಪನಿಗೆ ಫೋನ್ ಮಾಡಿ ತೋಟದ ಲೆಕ್ಕದ ಪ್ರತಿ ಕಳಿಸುತ್ತೇನೆ” ಎಂದರೆ ಬರುತ್ತದೆ. ಒಂದು ವಾರಕ್ಕೆ ಒಂದೇ ಕೆಲಸ. ಎರಡು ವಾರ ಆಗದೆ ಉಳಿದರೆ ಅದನ್ನು ಚಿಕ್ಕದು ಮಾಡಬೇಕು, ಫೋನ್ ಮಾಡುವ ಧೈರ್ಯವಿಲ್ಲದಿದ್ದರೆ ಮೊದಲು ಲೆಕ್ಕದ ಪ್ರತಿ ಮಾತ್ರ ತೆಗೆಸಿಡುವುದು. ನೋಟ್‌ಬುಕ್ ಅವರವರದ್ದೇ, ಇನ್ನೊಬ್ಬರು ತೆರೆಯುವಂತಿಲ್ಲ. ಕೂಟದಲ್ಲಿ ಆಯಿತು, ಆಗಲಿಲ್ಲ ಎನ್ನುವಾಗಲೂ ವಿಷಯ ಏನೆಂದು ಹೇಳಬೇಕಾದ ಕಟ್ಟುಪಾಡಿಲ್ಲ.

ಕಥೋಲಿಕ ಮನೆಗಳಲ್ಲಿ ರಾತ್ರಿ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ ಇದನ್ನೇ ಕಾಲು ಗಂಟೆಗೆ ಇಳಿಸಿ ಮಾಡಬಹುದು. ಅವರಿಗೊಂದು ಅನುಕೂಲವಿದೆ. ಭಾನುವಾರದ ಸುವಾರ್ತೆಗೆ ಮೂರು ವರ್ಷದ ಸುತ್ತಿದೆ, ಮತ್ತಾಯ, ಮಾರ್ಕ, ಲೂಕ ಒಂದೊಂದು ವರ್ಷಕ್ಕೆ. ಮುಂದಿನ ಭಾನುವಾರದ ಭಾಗ ಮೊದಲೇ ಗೊತ್ತಿರುವುದರಿಂದ ಸೋಮವಾರದಿಂದಲೇ ಓದಿಕೊಂಡರೆ ಪ್ರವಚನದ ಹೊತ್ತಿಗೆ ಪ್ರಶ್ನೆಗಳು ತಯಾರಿರುತ್ತವೆ.

ವಾಕ್ಯ ಎಷ್ಟು ನಿಖರವಾಗಿ ಮಾತಾಡುತ್ತದೆಂದು ತಿಳಿಯಬೇಕಾದರೆ ದುಡ್ಡಿನ ವಿಷಯದಿಂದ ಶುರುಮಾಡುವುದು ಒಳ್ಳೆಯದು. ಕಾರ್ಪೊರೇಷನ್ ಬ್ಯಾಂಕ್ ಉಡುಪಿಯಲ್ಲಿ, ಕೆನರಾ ಬ್ಯಾಂಕ್ ಮಂಗಳೂರಿನಲ್ಲಿ, ಎರಡೂ 1906ರಲ್ಲಿ ಹುಟ್ಟಿದ ಊರುಗಳಿವು. ಸಹಕಾರಿ ಸಂಘಗಳಿಗಂತೂ ಲೆಕ್ಕವಿಲ್ಲ. ಹಾಗಾಗಿ ಜಾಮೀನಿಗೆ ಸಹಿ ಹಾಕುವ ಪ್ರಸಂಗ ಪ್ರತಿ ಮನೆಗೂ ಬರುತ್ತದೆ. “ಸುಮ್ಮನೆ ಒಂದು ಸೈನ್ ಅಷ್ಟೇ ಮಾರಾಯ” ಎಂದು ಕೇಳುವವರು ಸಾಮಾನ್ಯವಾಗಿ ಭಾವನೋ, ಪಕ್ಕದ ಬೆಂಚಿನಲ್ಲಿ ಕೂತುಕೊಳ್ಳುವ ಸಭೆಯ ಅಣ್ಣನೋ ಆಗಿರುತ್ತಾರೆ. ಜ್ಞಾನೋಕ್ತಿ 22:26–27, ತೀರಿಸಲು ನಿನ್ನಲ್ಲಿ ಇಲ್ಲದಿದ್ದರೆ ನಿನ್ನ ಹಾಸಿಗೆಯನ್ನೂ ಎಳೆದುಕೊಂಡು ಹೋದಾರು ಎನ್ನುತ್ತದೆ. 6:1–5 ಇನ್ನೂ ಮುಂದೆ ಹೋಗಿ, ಈಗಾಗಲೇ ಸಿಕ್ಕಿಬಿದ್ದಿದ್ದರೆ ಕಣ್ಣಿಗೆ ನಿದ್ದೆ ಹತ್ತಗೊಡದೆ ಹೋಗಿ ಬೇಡಿಕೊಂಡು ಬಿಡಿಸಿಕೋ ಎನ್ನುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಸಾಲಗಾರನನ್ನು ಹಿಡಿದು ಮುಗಿದ ಮೇಲಷ್ಟೇ ನನ್ನ ಬಾಗಿಲಿಗೆ ಬರುತ್ತಾರೆ ಎಂದು ನಂಬಿಕೊಂಡಿರುವವರು ಬಹಳ ಮಂದಿ, ಆ ನಂಬಿಕೆಗೆ ಕಾನೂನಿನ ಆಧಾರ ಇಲ್ಲ.

ಜ್ಞಾನೋಕ್ತಿಯಲ್ಲೇ ನಿಂತರೆ ಯಾರಿಗೂ ಸಹಾಯ ಮಾಡಬೇಡ ಎಂದಂತಾಗುತ್ತದೆ. ಅದಕ್ಕೆ ಜೊತೆಯಲ್ಲಿ ಫಿಲೆಮೋನನಿಗೆ ಬರೆದ ಪತ್ರಿಕೆ 18–19 ಓದಬೇಕು. ಓಡಿಹೋಗಿದ್ದ ದಾಸ ಓನೇಸಿಮನು ಏನಾದರೂ ಕೊಡಬೇಕಿದ್ದರೆ ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಪೌಲನು ಸ್ವಂತ ಕೈಬರಹದಲ್ಲಿ ಬರೆದುಕೊಡುತ್ತಾನೆ. ಇದೂ ಜಾಮೀನೇ. ಆದರೆ ಪೌಲನಿಗೆ ತಾನು ತೀರಿಸಬೇಕಾದೀತು ಎಂಬ ಅರಿವಿದೆ, ತೀರಿಸುವ ಮನಸ್ಸೂ ಇದೆ. ಇವೆರಡನ್ನೂ ಸೇರಿಸಿ ನಾವು ಇಟ್ಟುಕೊಂಡ ನಿಯಮ ಹೀಗಿದೆ. ಆ ಮೊತ್ತವನ್ನು ನಾಳೆಯೇ ದಾನವಾಗಿ ಕೊಟ್ಟುಬಿಟ್ಟರೂ ಮನೆ ನಡೆಯುತ್ತದೆಯೇ? ನಡೆಯುತ್ತದಾದರೆ ಸಹಿ ಹಾಕು, ಇಲ್ಲವಾದರೆ ಬೇಡ. ಸಹಿಗೆ ಮೊದಲು ಗಂಡಹೆಂಡತಿ ಇಬ್ಬರೂ ಒಪ್ಪಬೇಕು. ಸಾಲದ ಮೊತ್ತ, ಬಡ್ಡಿ, ಕಂತು, ಅವಧಿ, ಇನ್ನೊಬ್ಬ ಜಾಮೀನುದಾರ ಯಾರು ಎಂಬುದನ್ನು ಕಾಗದದಲ್ಲಿ ನೋಡಬೇಕು, ಕರಾರಿನ ಪ್ರತಿ ಕೇಳಿ ಪಡೆಯಬೇಕು. ಖಾಲಿ ನಮೂನೆಗೆ ಸಹಿ ಎಂದೂ ಬೇಡ. ಇಲ್ಲ ಎನ್ನಬೇಕಾಗಿ ಬಂದರೆ ಅದೇ ದಿನ ಹೇಳಿ, ಕೈಲಾದ ಮೊತ್ತವನ್ನು, ಹತ್ತು ಸಾವಿರವೋ ಐದೋ, ವಾಪಸ್ ಕೇಳದೆ ಕೊಡಿ. “ನೋಡುವ” ಎಂದು ವಾರಗಟ್ಟಲೆ ಎಳೆಯುವುದೇ ಸಂಬಂಧವನ್ನು ಕೆಡಿಸುವುದು.

ಕೂಲಿಯ ವಿಷಯದಲ್ಲಿ ಸತ್ಯವೇದ ಸಮಯವನ್ನೇ ಗೊತ್ತುಮಾಡಿದೆ. ಧರ್ಮೋಪದೇಶಕಾಂಡ 24:14–15: ಕೂಲಿಯವನು ನಿನ್ನ ಸಹೋದರನಿರಲಿ, ನಿನ್ನ ಊರಿನಲ್ಲಿರುವ ಪರದೇಶಿಯಿರಲಿ, ಹೊತ್ತು ಮುಳುಗುವ ಮೊದಲು ಅವನ ಕೂಲಿ ಕೊಡು, ಯಾಕೆಂದರೆ ಅವನ ಜೀವ ಅದನ್ನೇ ನಂಬಿಕೊಂಡಿದೆ. ಯಾಕೋಬ 5:4ರಲ್ಲಿ ತಡೆಹಿಡಿದ ಕೂಲಿ ತಾನೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ. ಇದನ್ನು ನಡೆಸುವುದಕ್ಕೆ ಬೇಕಾದ್ದು ಸಣ್ಣ ಸಣ್ಣ ತಯಾರಿ. ತೆಂಗಿನಕಾಯಿ ಕೀಳಲು ಜನ ಬರುವ ದಿನ ಹಿಂದಿನ ಸಂಜೆಯೇ ಚಿಲ್ಲರೆ ತಂದಿಡಬೇಕು. “ಚಿಲ್ಲರೆ ಇಲ್ಲ, ನಾಳೆ ಕೊಡ್ತೇನೆ” ಎಂಬಲ್ಲಿಗೇ ಹೆಚ್ಚಿನ ಕೂಲಿ ನಿಲ್ಲುವುದು. ಮರಕ್ಕೆ ಎಷ್ಟು ಎಂಬ ಮಾತು ಮರ ಹತ್ತುವ ಮೊದಲು ಮುಗಿದಿರಬೇಕು. ಫೋನಿನಲ್ಲಿ ಹಣ ಹಾಕುವುದಾದರೆ ಅವರು ಹೊರಡುವ ಮೊದಲು ಅವರ ಫೋನಿಗೆ ಮೆಸೇಜ್ ಬಂತೋ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಮನೆ ಕಟ್ಟಿಸುವಾಗ ದುಡ್ಡು ಮೇಸ್ತ್ರಿಯ ಕೈಗೆ ಹೋಗುತ್ತದೆ. ಉತ್ತರ ಕರ್ನಾಟಕದಿಂದ, ಉತ್ತರ ಭಾರತದಿಂದ ಬಂದ ಕೆಲಸಗಾರರಿಗೆ ಅದು ತಲುಪಿತೇ ಎಂದು ಶನಿವಾರ ಸಂಜೆ ಅವರನ್ನೇ ಕೇಳುವುದು ಯಜಮಾನನ ಕೆಲಸ. ಪರದೇಶಿ ಎಂಬ ಮಾತು ಆ ವಾಕ್ಯದಲ್ಲೇ ಇದೆ. ಮನೆಕೆಲಸದವರ ಸಂಬಳಕ್ಕೆ ತಿಂಗಳ ಒಂದನೇ ತಾರೀಕು, ಮನೆಯವರು ದುಬೈಗೆ ಮಗಳ ಹೆರಿಗೆಗೆ ಹೋಗಿ ಎರಡು ತಿಂಗಳು ಬೀಗ ಹಾಕಿದ್ದರೂ ಆ ತಾರೀಕು ತಪ್ಪಬಾರದು. ರಜೆ ಕೇಳಿದ್ದು ಅವರಲ್ಲ.

ವಿಶ್ರಾಂತಿಯ ಆಜ್ಞೆಯೂ ಇದರ ಪಕ್ಕದ್ದೇ. ಧರ್ಮೋಪದೇಶಕಾಂಡ 5:14 ನಿನ್ನ ದಾಸದಾಸಿಯರಿಗೂ ನಿನ್ನ ಹಾಗೆಯೇ ವಿಶ್ರಾಂತಿ ಸಿಗಬೇಕು ಎಂದು ಬಿಡಿಸಿ ಹೇಳುತ್ತದೆ. ಆರಾಧನೆ ಮುಗಿಸಿ ಬಂದವರಿಗೆ ಕೋರಿ ರೊಟ್ಟಿ ತಯಾರಿರಬೇಕಾದರೆ ಒಬ್ಬರು ಭಾನುವಾರವಿಡೀ ಒಲೆಯ ಮುಂದೆಯೇ ಇರಬೇಕಾಗುತ್ತದೆ. ಮಸಾಲೆ ಶನಿವಾರ ಅರೆದಿಡಿ, ಪಾತ್ರೆ ತೊಳೆಯುವುದನ್ನು ಗಂಡುಮಕ್ಕಳಿಗೆ ವಹಿಸಿ, ಮನೆಕೆಲಸದವರಿಗೆ ಸಂಬಳ ಕಡಿಯದ ವಾರದ ರಜೆ ಕೊಡಿ. ಅವರು ಕ್ರೈಸ್ತರಲ್ಲದಿದ್ದರೆ ಯಾವ ದಿನ ಬೇಕೆಂದು ಅವರನ್ನೇ ಕೇಳಿ.

ಕಾಣಿಕೆಯ ಬಗ್ಗೆ ನನ್ನ ಅಭಿಪ್ರಾಯ ಎಲ್ಲರಿಗೂ ಒಪ್ಪಿಗೆಯಾಗಲಿಕ್ಕಿಲ್ಲ. ಆದಾಯದ ಹತ್ತನೆಯ ಒಂದು ಪಾಲನ್ನು ಕೊಡುವ ದಶಮಾಂಶಕ್ಕೆ ಮಲಾಕಿಯ 3:10 ಎತ್ತಿ ತೋರಿಸುವುದು ರೂಢಿ. ಅದೇ ಅಧ್ಯಾಯದ 5ನೇ ವಾಕ್ಯದಲ್ಲಿ ದೇವರು ಯಾರ ವಿರುದ್ಧ ಸಾಕ್ಷಿ ಹೇಳಲು ಬರುತ್ತಾನೆಂದು ನೋಡಿ: ಕೂಲಿಯವನ ಸಂಬಳ ಹಿಡಿಯುವವರು, ವಿಧವೆಯನ್ನೂ ತಂದೆಯಿಲ್ಲದವನನ್ನೂ ಪೀಡಿಸುವವರು, ಪರದೇಶಿಯ ನ್ಯಾಯ ತಪ್ಪಿಸುವವರು. ಐದನೆಯದನ್ನು ಬಿಟ್ಟು ಹತ್ತನೆಯದಕ್ಕೆ ಹಾರುವಂತಿಲ್ಲ. ಮಾರ್ಕ 7:9–13ರಲ್ಲಿ ತಂದೆತಾಯಿಗೆ ಸಲ್ಲಬೇಕಾದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಕೊಟ್ಟದ್ದು, ಎಂದುಬಿಡುವವರನ್ನು ಯೇಸು ಗದರಿಸುತ್ತಾನೆ. ಹಾಗಾಗಿ ತಿಂಗಳ ದುಡ್ಡು ಕೈಗೆ ಬಂದ ದಿನ ನಾನು ಹಿಡಿಯುವ ಸಾಲು ಇದು: ಕೆಲಸದವರ ಸಂಬಳ, ಅಪ್ಪಅಮ್ಮನ ಔಷಧಿ, ಕೊಡಬೇಕಾದ ಕೈಸಾಲದ ಕಂತು. ಇಷ್ಟನ್ನು ಮೊದಲು ತೆಗೆದಿಟ್ಟು, ಆಮೇಲೆ ಅದೇ ದಿನ ಕಾಣಿಕೆಯ ಲಕೋಟೆ, ಅದರ ಪಕ್ಕದಲ್ಲಿ ಹೆಸರಿಲ್ಲದ ಇನ್ನೊಂದು ಲಕೋಟೆ. ಎರಡನೆಯದು ಸಭೆಯ ಪಟ್ಟಿಯಲ್ಲಿ ಕಾಣದ ಕೊಡುಗೆಗೆ, ಮತ್ತಾಯ 6:3ರ ಪ್ರಕಾರ. ತಿಂಗಳ ಕೊನೆಗೆ ಉಳಿದರೆ ಕೊಡುವ ಎಂದಿಟ್ಟುಕೊಂಡರೆ ಉಳಿಯುವುದೇ ಇಲ್ಲ. ಬಡ ವಿಧವೆಯ ಎರಡು ಕಾಸಿನ ಭಾಗ (ಮಾರ್ಕ 12:41–44) ಕಾಣಿಕೆಯ ಭಾನುವಾರ ಓದುವುದುಂಟು. ಅದಕ್ಕೆ ತಾಗಿಕೊಂಡೇ ಇರುವ 40ನೇ ವಾಕ್ಯದಲ್ಲಿ ವಿಧವೆಯರ ಮನೆಗಳನ್ನು ನುಂಗುವ ಧರ್ಮೋಪದೇಶಕರಿದ್ದಾರೆ. ಎರಡನ್ನೂ ಒಟ್ಟಿಗೆ ಓದಿದ ಸಭೆಯವರು ಆಕೆಯಿಂದ ಎಷ್ಟು ಬಂತೆಂದು ನೋಡುವುದರ ಜೊತೆಗೆ ಆಕೆಗೆ ಎಷ್ಟು ಹೋಯಿತೆಂದೂ ಲೆಕ್ಕ ಕೇಳುತ್ತಾರೆ.

ನಂಬಿಕೆಗೂ ಕೂಲಿಗೂ ಇರುವ ಈ ನಂಟು ನಮ್ಮ ಕರಾವಳಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಪ್ರಾರ್ಥನಾಲಯದ ಜೊತೆಗೆ ಅಚ್ಚುಕೂಟ, ನೇಯ್ಗೆ ಶಾಲೆ, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಕಟ್ಟಿತು. ಕ್ರೈಸ್ತರಾದ ಮೇಲೆ ಮನೆಯೂ ಕಸುಬೂ ಕಳೆದುಕೊಂಡವರಿಗೆ ಅನ್ನ ಬೇಕಿತ್ತು.

ಶಂಕರಪುರದ ಕಡೆ ಮಲ್ಲಿಗೆ ಬೆಳೆಯುವ ಕ್ರೈಸ್ತ ಮನೆಗಳಿಗೆ ಯಾಜಕಕಾಂಡ 19:35–36, ಅಳತೆ ತೂಕಗಳಲ್ಲಿ ಮೋಸ ಬೇಡ ಎಂಬ ವಾಕ್ಯ, ಅಂಗಳಕ್ಕೇ ಬರುತ್ತದೆ. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆಯ ದಿನಗಳಲ್ಲಿ ದರ ಏರಿದಾಗ ಚೆಂಡಿನಲ್ಲಿ ಹತ್ತಿಪ್ಪತ್ತು ಕಡಿಮೆಯಾದರೆ ಯಾರೂ ಎಣಿಸುವುದಿಲ್ಲ. ಆಮೋಸ 8:5 ಹೇಳುವುದು ಇದನ್ನೇ, ಅಳತೆಯನ್ನು ಕಿರಿದು ಮಾಡಿ ಬೆಲೆಯನ್ನು ಹಿರಿದು ಮಾಡುವುದು. ಕಟ್ಟಿದವರಲ್ಲದೆ ಇನ್ನೊಬ್ಬರು ಎಣಿಸಿ ನೋಡುವುದು ಸುಲಭದ ಉಪಾಯ.

ನೆರೆಕರೆಯ ವಿಷಯಕ್ಕೆ ಬರುತ್ತೇನೆ. ತುಳುನಾಡಿನಲ್ಲಿ ನಂಬಿಕೆ ದಿನವೂ ಪರೀಕ್ಷೆಗೆ ಬರುವುದು ಇಲ್ಲೇ. ಪಕ್ಕದ ಮನೆಯಲ್ಲಿ ದೈವದ ನೇಮವೋ ಪೂಜೆಯೋ ಆದ ಮರುದಿನ ಅಕ್ಕ ಬಟ್ಟಲಿನಲ್ಲಿ ಪ್ರಸಾದ ತರುತ್ತಾರೆ. ತೆಗೆದುಕೊಳ್ಳಬಹುದೇ? ಈ ಪ್ರಶ್ನೆ ಕೊರಿಂಥದ ಸಭೆಗೂ ಬಂದಿತ್ತು, 1 ಕೊರಿಂಥ 8ರಿಂದ 10ರವರೆಗೆ ಪೌಲನು ಉತ್ತರಿಸುವುದು ಅದಕ್ಕೇ. ಮೂರು ಅಧ್ಯಾಯಗಳನ್ನೂ ಒಂದೇ ಕೂತಿಗೆ ಓದಬೇಕು, ಒಂದೊಂದು ಕಡೆ ಮಾತ್ರ ಹಿಡಿದರೆ ಎರಡು ವಿರುದ್ಧ ಉತ್ತರ ಸಿಗುತ್ತದೆ. ವಿಗ್ರಹಗಳ ಆರಾಧನೆಯಲ್ಲಿ ಪಾಲುಗಾರರಾಗಬೇಡಿ ಎಂಬುದೂ ಅಲ್ಲಿದೆ (10:14–21). ಅಂಗಡಿಯಲ್ಲಿ ಮಾರುವುದನ್ನು ಪ್ರಶ್ನೆ ಮಾಡದೆ ತಿನ್ನಿರಿ, ನಂಬದವರು ಊಟಕ್ಕೆ ಕರೆದರೆ ಬಡಿಸಿದ್ದನ್ನು ಊಟಮಾಡಿರಿ ಎಂಬುದೂ ಇದೆ (10:25–27). ಇದು ನೈವೇದ್ಯವಾದದ್ದು ಎಂದು ಯಾರಾದರೂ ಹೇಳಿದರೆ ಆ ಹೇಳಿದವನ ಮನಸ್ಸಾಕ್ಷಿಯ ನಿಮಿತ್ತ ತಿನ್ನಬೇಡಿ ಎಂಬುದೂ ಇದೆ (10:28–29). ಒಟ್ಟಿಗೆ ಓದಿದರೆ ಪೌಲನು ಮತ್ತೆ ಮತ್ತೆ ಕೇಳುವುದು, ನೀನು ಹೀಗೆ ಮಾಡಿದರೆ ಬಲಹೀನ ಮನಸ್ಸಿನವನು ಎಡವುತ್ತಾನೆಯೇ ಎಂದು (8:9).

ಇದರಲ್ಲಿ ನಮ್ಮವರೆಲ್ಲರ ತೀರ್ಮಾನ ಒಂದೇ ಆಗಬೇಕಿಲ್ಲ. ರೋಮಾಪುರದವರಿಗೆ 14 ಅದಕ್ಕೆ ಜಾಗ ಕೊಡುತ್ತದೆ. ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನ ಮೇಲೆ ತೀರ್ಪು ಹಾಕಬಾರದು. ನಡೆಸಿಕೊಳ್ಳುವ ರೀತಿಯಲ್ಲಿ ಮಾತ್ರ ಎಲ್ಲರೂ ಒಂದಾಗಬಹುದು. ತೆಗೆದುಕೊಳ್ಳುವುದಿಲ್ಲ ಎಂದು ನಿರ್ಧರಿಸಿದ ಮನೆಯವರು ಹಬ್ಬ ಬರುವ ಮೊದಲೇ, ಬೇರೆ ಮಾತಿನ ನಡುವೆ, “ಅಕ್ಕ, ನಿಮ್ಮ ಮನೆ ಊಟಕ್ಕೆ ನಾವು ಯಾವತ್ತೂ ಬರುತ್ತೇವೆ, ಪೂಜೆಗಿಟ್ಟದ್ದು ಮಾತ್ರ ನಮ್ಮ ಕ್ರಮದಲ್ಲಿ ಇಲ್ಲ, ಬೇಸರ ಮಾಡಬೇಡಿ” ಎಂದು ಹೇಳಿಡಬೇಕು. ಬಟ್ಟಲು ಎದುರಿಗೆ ಬಂದ ಮೇಲೆ ಕೈ ಹಿಂದಕ್ಕೆ ಎಳೆದುಕೊಳ್ಳುವುದು, ತೆಗೆದುಕೊಂಡು ಹಿತ್ತಿಲಿನಲ್ಲಿ ಎಸೆಯುವುದು, ಎರಡೂ ಕೂಡದು. ಎಸೆದದ್ದು ಅವರ ಮಕ್ಕಳ ಕಣ್ಣಿಗೆ ಬಿದ್ದರೆ ಆಮೇಲೆ ನಾವು ಹೇಳುವ ಸುವಾರ್ತೆಗೆ ಬೆಲೆ ಇರುವುದಿಲ್ಲ. ತೆಗೆದುಕೊಳ್ಳುವ ಮನೆಯವರು ಎರಡು ಕೈಯಲ್ಲಿ ತೆಗೆದುಕೊಂಡು, ಬಟ್ಟಲನ್ನು ಖಾಲಿ ವಾಪಸ್ ಕೊಡದೆ, ಅದರಲ್ಲಿ ನಾಲ್ಕು ಬಾಳೆಹಣ್ಣಾದರೂ ಇಟ್ಟು ಕೊಡಲಿ. ಮನೆಯಲ್ಲಿ ಹೊಸದಾಗಿ ನಂಬಿಕೆಗೆ ಬಂದ, ಹಿಂದಿನ ಆಚರಣೆಗಳ ನೆನಪಿನಿಂದ ನರಳುವ ಒಬ್ಬರಿದ್ದರೆ 1 ಕೊರಿಂಥ 8:13ರ ಪ್ರಕಾರ ಅವರಿರುವ ತನಕ ಎಲ್ಲರೂ ಬಿಡಬೇಕಾಗುತ್ತದೆ.

ಇದೇ ವಾಕ್ಯ ನಮ್ಮ ಕಡೆಯಿಂದ ಹೋಗುವ ತಟ್ಟೆಗೂ ಅನ್ವಯಿಸುತ್ತದೆ. ಕ್ರಿಸ್ಮಸ್ಸಿಗೆ ಕುಸ್ವಾರ್ (ಹಬ್ಬದ ತಿಂಡಿಗಳು) ಹಂಚುವಾಗ ಎಲ್ಲರಿಗೂ ಒಂದೇ ಡಬ್ಬ ತುಂಬುತ್ತೇವೆ. ಕೇಕಿನಲ್ಲಿ ಮೊಟ್ಟೆ ಇರುತ್ತದೆ, ಕೆಲವು ಮನೆಗಳಲ್ಲಿ ರಮ್ಮೂ ಇರುತ್ತದೆ. ಸಸ್ಯಾಹಾರಿ ಮನೆಗಳಿಗೂ ಮುಸ್ಲಿಂ ಮನೆಗಳಿಗೂ ಮೊಟ್ಟೆಯಿಲ್ಲದ, ಮದ್ಯವಿಲ್ಲದ ಡಬ್ಬ ಬೇರೆಯೇ ಆಗಬೇಕು: ಮೊಟ್ಟೆ ಹಾಕದೆ ಮಾಡಿದ ನೆವ್ರಿ (ಕರ್ಜಿಕಾಯಿ), ಎಳ್ಳುಂಡೆ, ಚಕ್ಕುಲಿ, ಬೇಕಿದ್ದರೆ ಹಣ್ಣು. ಎಣ್ಣೆಯನ್ನು ಮೊದಲು ಇವುಗಳಿಗೆ ಬಳಸಿ, ಮೊಟ್ಟೆ ಹಾಕಿದ ಹಿಟ್ಟಿನ ತಿಂಡಿಗಳನ್ನು ಆಮೇಲೆ ಕರಿಯಿರಿ. ಡಬ್ಬದ ಮೇಲೆ ಏನೇನಿದೆ ಎಂದು ಚೀಟಿ ಅಂಟಿಸಿ. ಕೇಳದೆಯೇ ಹೇಳುವುದು ಮುಖ್ಯ, ಯಾಕೆಂದರೆ ಪ್ರೀತಿಯಿಂದ ತಂದುಕೊಟ್ಟವರ ಹತ್ತಿರ ಇದರಲ್ಲಿ ಮೊಟ್ಟೆ ಉಂಟಾ ಎಂದು ಕೇಳಲು ಯಾರಿಗೂ ನಾಲಗೆ ಬರುವುದಿಲ್ಲ.

ಜಗಳಗಳಿಗೆ ಮತ್ತಾಯ 18:15–17ರಲ್ಲಿ ಕ್ರಮವೇ ಇದೆ. ಮೊದಲು ನೀನೊಬ್ಬನೇ ಹೋಗಿ ಅವನೊಬ್ಬನಿಗೇ ತಪ್ಪು ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಅದಕ್ಕೂ ಕೇಳದಿದ್ದರೆ ಸಭೆಗೆ ಹೇಳು. ನಮ್ಮಲ್ಲಿ ನಡೆಯುವುದು ತಲೆಕೆಳಗು. ಮೊದಲು ವಾಟ್ಸಾಪ್ ಗುಂಪಿಗೆ, ಆಮೇಲೆ ಗುರ್ಕಾರರಿಗೋ (ಕಥೋಲಿಕ ವಾಳೆಯ ಮುಖಂಡ) ಸಭಾಪಾಲಕರಿಗೋ, ಕೊನೆಗೆ ಆ ಮನುಷ್ಯನಿಗೆ ಮೂರನೆಯವರಿಂದ. ಇಬ್ಬರು ಮೂವರು ಕೂಡಿದಲ್ಲಿ ನಾನಿದ್ದೇನೆ ಎಂಬ 20ನೇ ವಾಕ್ಯವನ್ನು ಪ್ರಾರ್ಥನಾ ಕೂಟಕ್ಕೆ ಜನ ಕಡಿಮೆಯಾದಾಗ ಹೇಳಿಕೊಳ್ಳುತ್ತೇವೆ. ಅದು ನಿಂತಿರುವುದು ಮಾತ್ರ ಈ ರಾಜಿಯ ಕ್ರಮದ ಕೊನೆಯಲ್ಲಿ.

ಗಡಿಕಲ್ಲಿನ ತಕರಾರಿಗೆ ಮೊದಲ ಭೇಟಿ ಹೀಗಿರಲಿ. ಫೋನ್ ಮಾಡಿ ಸಮಯ ಕೇಳಿ, ಬೆಳಿಗ್ಗೆ ಹೋಗಿ, ಸಂಜೆಯ ಪಾನೀಯದ ಹೊತ್ತಿನಲ್ಲಿ ಅಲ್ಲ. ಒಂದೇ ವಿಷಯ ಎತ್ತಿ, ಇಪ್ಪತ್ತು ವರ್ಷ ಹಿಂದಿನದ್ದನ್ನು ತರಬೇಡಿ. ಹೋಗುವ ಮೊದಲು ನಾನು ಎಷ್ಟು ಬಿಟ್ಟುಕೊಡಬಲ್ಲೆ ಎಂಬುದನ್ನು ಅಡಿಯಲ್ಲೋ ರೂಪಾಯಿಯಲ್ಲೋ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಅಲ್ಲಿ ಮಾತಿನ ಭರದಲ್ಲಿ ಏನೂ ಬಿಡಲಾಗುವುದಿಲ್ಲ. ಎರಡನೆಯ ಹಂತದ ಒಬ್ಬಿಬ್ಬರು ನಿಮ್ಮ ಪಕ್ಷದವರಾಗಿರಬಾರದು, ಇಬ್ಬರಿಗೂ ಬೇಕಾದ ಹಿರಿಯರಾಗಿರಲಿ, ಸರ್ವೆ ನಕ್ಷೆ ಓದಲು ಬರುವವರಾದರೆ ಇನ್ನೂ ಒಳ್ಳೆಯದು. ಇದಕ್ಕೊಂದು ಗಡುವು ಬೇಕೇ ಬೇಕು. ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂದು ಮತ್ತಾಯ 5:23–24 ಹೇಳುವುದರಿಂದ ನಮ್ಮವರು ಕರ್ತನ ಭೋಜನದ ಭಾನುವಾರವನ್ನು ಗಡುವಾಗಿ ಇಟ್ಟುಕೊಳ್ಳಬಹುದು. ಕಥೋಲಿಕರಿಗೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ಮರಿಯಮ್ಮನ ಹುಟ್ಟುಹಬ್ಬ, ಇದೆ. ಹೊಸ ತೆನೆಯ ಊಟಕ್ಕೆ ಕುಟುಂಬವೆಲ್ಲ ಒಂದೇ ಕಡೆ ಕೂರಬೇಕಾದರೆ ಆಗಸ್ಟಿನಲ್ಲೇ ಆ ಭೇಟಿ ಆಗಿರಬೇಕು.

ಒಂದು ಎಚ್ಚರಿಕೆಯನ್ನು ಬಹಳ ಗಟ್ಟಿಯಾಗಿ ಹೇಳಬೇಕಾಗಿದೆ. ಹೊಡೆತ, ಲೈಂಗಿಕ ದೌರ್ಜನ್ಯ, ಮಕ್ಕಳಿಗೆ ಹಿಂಸೆ ಇರುವಲ್ಲಿ “ನೀನೊಬ್ಬಳೇ ಹೋಗಿ ಮಾತಾಡು” ಎಂದು ಮತ್ತಾಯ 18ನ್ನು ತೋರಿಸಕೂಡದು. ಅದು ಆಕೆಯನ್ನು ಅಪಾಯಕ್ಕೆ ತಳ್ಳುವುದು. ಎಪ್ಪತ್ತೇಳು ಸಲ ಕ್ಷಮಿಸು ಎಂದ ಯೇಸುವೇ ಅದೇ ಅಧ್ಯಾಯದ 6ನೇ ವಾಕ್ಯದಲ್ಲಿ ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲನ್ನು ಕಟ್ಟುವ ಮಾತಾಡಿದ್ದಾನೆ. ಕ್ಷಮೆ ಎಂದರೆ ದೂರು ಹಿಂತೆಗೆಯುವುದಲ್ಲ, ಅದೇ ಮನೆಗೆ ಮರಳುವುದೂ ಅಲ್ಲ. ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112. ಈ ಸಂಖ್ಯೆಗಳು ಮನೆಕೂಟ ನಡೆಸುವವರ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರಲಿ. ಕೂಟದಲ್ಲಿ ಕೇಳಿದ್ದು ಕೂಟದಲ್ಲೇ ಉಳಿಯಬೇಕು ಎಂಬ ನಿಯಮಕ್ಕೆ ಇದೊಂದೇ ಹೊರತು. ಉಳಿದಂತೆ “ಪ್ರಾರ್ಥನೆಗೋಸ್ಕರ ಹೇಳುತ್ತೇನೆ” ಎಂದು ಇನ್ನೊಬ್ಬರ ಕಷ್ಟವನ್ನು ಹಂಚಿದರೆ ಒಂದೇ ಸಂಜೆಯಲ್ಲಿ ಊರಿಡೀ ಹರಡುತ್ತದೆ, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ.

ಕಾಯಿಲೆಯವರ ಭೇಟಿಗೆ ಹತ್ತು ನಿಮಿಷ ಸಾಕು. ಯೋಬ 2:13ರಲ್ಲಿ ಸ್ನೇಹಿತರು ಏಳು ದಿನ ಸುಮ್ಮನೆ ಕೂತಿದ್ದಷ್ಟು ಹೊತ್ತು ಸರಿಯಿದ್ದರು, ಯಾಕೆ ಹೀಗಾಯಿತೆಂದು ವಿವರಿಸಲು ಹೊರಟಾಗ ಕೆಟ್ಟಿತು. ರೋಗಿಗಿಂತ ಅವರ ಜೊತೆ ನಿಂತವರು ದಣಿದಿರುತ್ತಾರೆ, ಒಂದು ರಾತ್ರಿ ಅವರ ಬದಲಿಗೆ ನಾವು ನಿಂತರೆ ಅದೇ ಮತ್ತಾಯ 25:36. ಎಣ್ಣೆ ಹಚ್ಚಿ ಪ್ರಾರ್ಥಿಸಿರಿ ಎಂಬ ಯಾಕೋಬ 5:14 ಔಷಧಿ ನಿಲ್ಲಿಸಿ ಎನ್ನುವುದಿಲ್ಲ. ಪೌಲನೇ ತಿಮೊಥೆಯನ ಹೊಟ್ಟೆಗೆ ಮದ್ದು ಹೇಳಿದ್ದಾನೆ (1 ತಿಮೊಥೆ 5:23). ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಾನಸಿಕ ಕಾಯಿಲೆಯ ಗುಳಿಗೆ ಬಿಡಿಸುವ ಪ್ರಾರ್ಥನೆಗೆ ಕೂಟದಲ್ಲಿ ಜಾಗ ಕೊಡಬಾರದು.

ಗಲ್ಫಿನಲ್ಲಿರುವ ಮಕ್ಕಳನ್ನು ಫೋನಿನಲ್ಲಿ ಸೇರಿಸಿಕೊಳ್ಳುವವರು ಸಮಯ ನೋಡಿಕೊಳ್ಳಿ. ಇಲ್ಲಿ ರಾತ್ರಿ 8 ಆದಾಗ ದುಬೈಯಲ್ಲಿ 6:30, ಕುವೈತಿನಲ್ಲಿ 5:30. ಕೆಲಸ ಬಿಟ್ಟು ರೂಮಿಗೆ ಮುಟ್ಟಿರುವುದಿಲ್ಲ. 9ಕ್ಕೆ ಇಟ್ಟರೆ ಇಬ್ಬರಿಗೂ ಆದೀತು. ಓದುವ ಅಧ್ಯಾಯವನ್ನು ಹಿಂದಿನ ದಿನವೇ ತಿಳಿಸಿ, ಓದಲು ಅವರಿಗೂ ಒಂದು ಭಾಗ ಕೊಡಿ, ಇಲ್ಲದಿದ್ದರೆ ಫೋನ್ ಮೇಜಿನ ಮೇಲಿಟ್ಟು ಎಲ್ಲರೂ ಮರೆತುಬಿಡುತ್ತಾರೆ. ಅವರು ಬರೆದುಕೊಳ್ಳುವ ಕೆಲಸ ಅವರಿರುವ ಊರಿನದ್ದಾಗಿರಲಿ, ರೂಮಿನ ಜೊತೆಗಾರನಿಗೋ ಅಲ್ಲಿನ ಕೆಲಸಕ್ಕೋ ಸಂಬಂಧಿಸಿದ್ದು. ಊರಿನ ಮನೆಯ ಲೆಕ್ಕವನ್ನು ಆ ಹೊತ್ತಿನಲ್ಲಿ ಎತ್ತಬೇಡಿ, ಅದಕ್ಕೆ ಬೇರೆ ದಿನ ಫೋನ್ ಮಾಡಿ.